ಬಡಿಸುವವಳು ಮೊದಲು ಉಣ್ಣಲಿ



ಮಾಗಡಿಯ ಸೋದರಿಯೊಬ್ಬರು ನನಗೆ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಬೆಳಗ್ಗೆ 5 ಗಂಟೆಗೆ ಎದ್ದರೆ ರಾತ್ರಿ 11ಕ್ಕೆ ತಲೆ ದಿಂಬಿಗೆ ತಾಕುತ್ತದಂತೆ. ದೇವರ ಮುಂದೆ ದೀಪ ಹಚ್ಚಿ ಕೈ ಮುಗಿಯುವುದು ಬಿಟ್ಟರೆ ಒಂದು ಗಳಿಗೆ ಕಣ್ಣು ಮುಚ್ಚಿ ಕೂರಲು ಬಿಡುವಿಲ್ಲವಂತೆ. ‘ಎಲ್ಲ ಬಿಟ್ಟು ಯಾವುದಾದರೂ ಆಶ್ರಮ ಸೇರಿಬಿಡೋಣ ಅನ್ನಿಸುತ್ತೆ ಅಕ್ಕಾ, ಏನು ಮಾಡಲಿ?’ ಎಂದು ಕೇಳಿದ್ದಾರೆ.

ಹೋಗಬೇಡಿ ಎನ್ನಲು ನಾನ್ಯಾರು? ಆದರೆ ತಂಗೀ, ಒಂದು ಮಾತು. ಆಶ್ರಮಕ್ಕೆ ಹೋದರೂ ಅಲ್ಲಿ ನಿಮ್ಮ ಕೈಗೆ ಮೊದಲು ಕೊಡುವುದು ಸೌಟನ್ನೇ! ತಮಾಷೆಗೆ ಹೇಳುತ್ತಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಹಿಂದಿನ ಬೀದಿಯ ಕ್ರೈಸ್ತರ ಮನೆಯ ಅಕ್ಕ. ಕನಕಪುರ ತಾಲ್ಲೂಕಿನ ಹಾರೋಬೆಲೆ ಅವರ ತವರು. ಆ ಊರನ್ನು ನೀವು ಕೇಳಿರುತ್ತೀರಿ. ಬಹುಪಾಲು ಕ್ರೈಸ್ತರೇ ಇರುವ ಹಳ್ಳಿ, ಆದರೆ ರಾಗಿ ಮುದ್ದೆ, ಹುರುಳಿ ಸಾರು, ರೇಷ್ಮೆ ಹುಳು, ಹಿಪ್ಪುನೇರಳೆ ತೋಟ ಎಲ್ಲ ನಮ್ಮ ಹಾಗೆಯೇ. ನಮ್ಮ ಈ ಸೀಮೆಗೆ ಕ್ರೈಸ್ತ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. 17ನೇ ಶತಮಾನದ ನಡುವಿನಲ್ಲೇ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಯಂತೆ ಬಟ್ಟೆ ತೊಟ್ಟು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮದ ಪುಸ್ತಕ ಬರೆದರು. ಅವರು ಜೆಸುಯಿಟ್ ಪಂಗಡದವರು, ಊರೂರು ಸುತ್ತುವವರು. ನಾನು ಹೇಳಹೊರಟಿರುವುದು ಒಂದೇ ಕಡೆ ನೆಲೆ ನಿಂತು ಬಾಳುವ ಮಠದವರ ವಿಷಯ.

ಅಂಥದೊಂದು ಮಠ ನಮಗೆ ದೂರವೇನಿಲ್ಲ. ರಾಮನಗರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಬಿಡದಿ ದಾಟಿ ಕುಂಬಳಗೋಡು ಸಿಗುತ್ತದಲ್ಲ, ಕೆಂಗೇರಿಗೆ ಮುಂಚೆ, ಆ ಕಡೆಯಲ್ಲಿದೆ ಆಶೀರ್ವನಂ. ಬೆನೆಡಿಕ್ಟೀನ್ ಪಂಗಡದ ಮಠ. ಮೊದಲು ಸೇಲಂ ಹತ್ತಿರ ಇದ್ದದ್ದು 1957ರಲ್ಲಿ ಇಲ್ಲಿಗೆ ಬಂತು. ಅಕ್ಕನ ಸಂಬಂಧದ ಹುಡುಗನೊಬ್ಬನಿಗೆ ಮಠದ ಒಡನಾಟವಿದೆ. ಅವರು ನಡೆದುಕೊಳ್ಳುವ ನಿಯಮಗಳಲ್ಲಿ ಮನೆವಾರ್ತೆಗೆ ಸಂಬಂಧಿಸಿದ್ದನ್ನು ಅವನು ಅಕ್ಕನಿಗಾಗಿ ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟಿದ್ದ. ಆ ಹಾಳೆಗಳು ನನ್ನ ಕೈಗೆ ಬಂದ ಬಗೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಹೇಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ನಮ್ಮ ಅತ್ತೆಮ್ಮ ಸೊಂಟ ಮುರಿದುಕೊಂಡು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಸೇವೆಯನ್ನು ನಾನೇ ಮಾಡಿದೆ. ಸ್ನಾನ, ಬಟ್ಟೆ, ಊಟ, ಮಾತ್ರೆ, ಯಾವುದರಲ್ಲೂ ಒಂದು ದಿನ ತಪ್ಪಲಿಲ್ಲ. ಬಂದವರೆಲ್ಲ ‘ಸೊಸೆ ಅಂದರೆ ಹೀಗಿರಬೇಕು’ ಅಂತ ಹೊಗಳಿ ಹೋಗುತ್ತಿದ್ದರು. ಆದರೆ ಹೊಗಳಿದವರಿಗೆ ನನ್ನ ಬಾಯಿ ಗೊತ್ತಿರಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಬಾಯಿ ಗೊಣಗುತ್ತಿತ್ತು. ಜೋರಾಗಿ ಅಲ್ಲ. ಪಾತ್ರೆ ಸ್ವಲ್ಪ ಸದ್ದು ಮಾಡಿ ಇಡುವುದು, ಬಾಗಿಲು ಎಳೆಯುವಾಗ ಒಂದು ‘ಉಸ್ಸಪ್ಪಾ’, ರಾತ್ರಿ ಎದ್ದಾಗ ‘ಈಗ ತಾನೇ ಮಲಗಿದ್ದೆ’ ಅನ್ನುವುದು. ನಿಮಗೂ ಗೊತ್ತಿರುವ ವಿದ್ಯೆಯೇ.

ಒಂದು ದಿನ ಅತ್ತೆಮ್ಮನಿಗೆ ಚಳಿಜ್ವರ ಬಂತು. ಮಾತು ತೊದಲಿತು, ಮಗನ ಗುರುತೇ ಸಿಗಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಎಂದರು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ‘ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?’ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಚೊಂಬಿನಲ್ಲಿ ನೀರು ಇಡುತ್ತಿದ್ದೆ, ಸಂಜೆ ಚೆಲ್ಲಿ ಬೇರೆ ತುಂಬಿಸುತ್ತಿದ್ದೆ. ಎಷ್ಟು ಉಳಿದಿತ್ತು ಅಂತ ನೋಡಿದವಳಲ್ಲ.

ಜ್ವರ ಇಳಿದ ಮೇಲೆ ಅತ್ತೆಮ್ಮನನ್ನೇ ಕೇಳಿದೆ. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಸೂರು ನೋಡಿಕೊಂಡು, ‘ನೀರು ಕುಡುದ್ರೆ ರಾತ್ರಿ ಎಬ್ಬುಸ್ಬೇಕಲ್ಲವ್ವ, ನಿಂಗೂ ನಿದ್ದೆ ಇಲ್ಲ’ ಅಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಸ್ಪತ್ರೆಯ ನಲ್ಲಿಯ ಹತ್ತಿರ ಹೋಗಿ ಅತ್ತೆ. ಅಂದು ನೋಡಲು ಬಂದಿದ್ದ ಹಾರೋಬೆಲೆ ಅಕ್ಕ ಅದನ್ನು ಕಂಡು, ಮನೆಗೆ ಬಂದ ಮೇಲೆ ಆ ಹಾಳೆಗಳನ್ನು ತಂದುಕೊಟ್ಟರು. ‘ಓದು ತಂಗಿ. ನಮ್ ಜಾತಿಗೆ ಸೇರ್ಕೋ ಅಂತ ಕೊಡ್ತಿಲ್ಲ. ಅಡುಗೆಮನೆ ಇಸ್ಯ ಐತೆ ಇದ್ರಲ್ಲಿ, ಅದುಕ್ಕೆ’ ಎಂದು ನಕ್ಕರು.

ನಿಯಮಗಳನ್ನು ಬರೆದ ಸಂತ ಬೆನೆಡಿಕ್ಟರು ಕ್ರಿ.ಶ. 480ರ ಸುಮಾರಿಗೆ ಇಟಲಿಯ ನೂರ್ಸಿಯ ಎಂಬ ಊರಿನಲ್ಲಿ ಹುಟ್ಟಿದವರು. ಮೊಂಟೆ ಕಸ್ಸಿನೊ ಎಂಬ ಬೆಟ್ಟದ ಮೇಲೆ ಮಠ ಕಟ್ಟಿದರು. ಅವರ ನಿಯಮದ ಪುಸ್ತಕದಲ್ಲಿ 73 ಅಧ್ಯಾಯಗಳಿವೆ. ದೊಡ್ಡ ದೊಡ್ಡ ವೇದಾಂತ ಇರಬಹುದು ಅಂದುಕೊಂಡು ತೆರೆದರೆ ಊಟ, ಹಾಸಿಗೆ, ಬಟ್ಟೆ, ಬಾಗಿಲು ಕಾಯುವವನು, ತಡವಾಗಿ ಬಂದವನನ್ನು ಏನು ಮಾಡಬೇಕು, ಬರೀ ಇಂಥದೇ! ನೂರು ಜನರ ಸಂಸಾರ ತೂಗಿಸಿದ ಯಜಮಾನಿ ಬರೆದಂತಿದೆ.

ಅಡುಗೆಮನೆಯ ಅಧ್ಯಾಯ 35ನೆಯದು. ಮಠದಲ್ಲಿ ಅಡುಗೆಗೆ ಕೂಲಿಯವರಿಲ್ಲ. ವಾರಕ್ಕೊಬ್ಬರಂತೆ ಸರದಿ. ಕಾಯಿಲೆಯವರಿಗೂ ಬೇರೆ ಮುಖ್ಯ ಕೆಲಸ ಹೊತ್ತವರಿಗೂ ಮಾತ್ರ ರಿಯಾಯಿತಿ. ಕೈಲಾಗದವರಿಗೆ ಸಹಾಯಕ್ಕೆ ಇನ್ನೊಬ್ಬರನ್ನು ಕೊಡಬೇಕು, ಮನಸ್ಸು ನೊಂದುಕೊಂಡು ಮಾಡಬಾರದು ಅಂತ. ಶನಿವಾರ ವಾರ ಮುಗಿಯುವಾಗ ಅಡುಗೆಯವನು ಕೈ ಕಾಲು ಒರೆಸುವ ಬಟ್ಟೆಗಳನ್ನೆಲ್ಲ ಒಗೆದು, ಪಾತ್ರೆಗಳನ್ನು ತೊಳೆದು, ಉಗ್ರಾಣದವನಿಗೆ ಲೆಕ್ಕ ಒಪ್ಪಿಸಬೇಕು. ಅವನು ಅದನ್ನು ಮುಂದಿನ ವಾರದವನಿಗೆ ಎಣಿಸಿ ಕೊಡಬೇಕು. ಆಮೇಲೆ ಬಿಡುವವನು, ಹಿಡಿಯುವವನು ಇಬ್ಬರೂ ಸೇರಿ ಎಲ್ಲರ ಪಾದ ತೊಳೆಯಬೇಕು.

ಇದೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ಸಾಲು ಇನ್ನೊಂದಿದೆ. ಊಟದ ಹೊತ್ತಿಗೆ ಒಂದು ಗಂಟೆ ಮುಂಚೆ ಬಡಿಸುವವರಿಗೆ ಅವರ ಪಾಲಿನ ಊಟವಲ್ಲದೆ ಒಂದಿಷ್ಟು ರೊಟ್ಟಿಯೂ ಕುಡಿಯಲೂ ಕೊಡಬೇಕಂತೆ. ಏಕೆಂದರೆ ಆಗ ಅವರು ಗೊಣಗದೆ, ಹೆಚ್ಚು ಬಳಲದೆ ಬಡಿಸುತ್ತಾರೆ!

1,500 ವರ್ಷದ ಹಿಂದೆ ಒಬ್ಬ ಗಂಡಸು, ಅದೂ ಸಂನ್ಯಾಸಿ, ಹಸಿದ ಹೊಟ್ಟೆಗೂ ಗೊಣಗುವ ಬಾಯಿಗೂ ಇರುವ ನಂಟನ್ನು ಕಂಡುಕೊಂಡಿದ್ದ. ನನ್ನ ಮನೆಯಲ್ಲಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನನಗೇ ಹೊಳೆದಿರಲಿಲ್ಲ. ಎಲ್ಲರೂ ಉಂಡ ಮೇಲೆ ಮಧ್ಯಾಹ್ನ 3 ಗಂಟೆಗೆ ತಳದ ಸಾರು ಬಳಿದುಕೊಂಡು ಉಣ್ಣುವುದೇ ಪತಿವ್ರತೆಯ ಲಕ್ಷಣ ಎಂದು ನನ್ನ ತಾಯಿ ಕಲಿಸಿದ್ದರು, ಅವರಿಗೆ ಅವರ ತಾಯಿ. ಖಾಲಿ ಹೊಟ್ಟೆಯಲ್ಲಿ ಮಾಡಿದ ಸೇವೆಯ ಉರಿಯೆಲ್ಲ ಹಾಸಿಗೆಯಲ್ಲಿದ್ದ ಮುದುಕಿಯ ಮೇಲೆ ಹೋಗುತ್ತಿತ್ತು.

ಮಾರನೆಯ ದಿನದಿಂದ ನಾನು 11 ಗಂಟೆಗೆ ಒಂದು ರೊಟ್ಟಿ, ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಕೂತು ತಿನ್ನತೊಡಗಿದೆ. ನಿಂತುಕೊಂಡಲ್ಲ, ಕೂತು. ಮೊದಲ ದಿನ ನಮ್ಮ ಯಜಮಾನರು ಒಳಗೆ ಬಂದು ನೋಡಿ, ‘ಹುಷಾರಿಲ್ವಾ?’ ಅಂದರು. ನೋಡಿದಿರಾ, ಹೆಂಗಸು ಮೊದಲು ತಿಂದರೆ ಕಾಯಿಲೆಯೇ ಇರಬೇಕು!

ಕಾಯಿಲೆಯವರ ಬಗ್ಗೆಯೂ ಒಂದು ಅಧ್ಯಾಯವಿದೆ, 36ನೆಯದು. ಅವರ ಸೇವೆ ಎಲ್ಲಕ್ಕಿಂತ ಮೊದಲು, ಕ್ರಿಸ್ತನಿಗೇ ಮಾಡುವಂತೆ ಮಾಡಬೇಕು ಎಂದಿದೆ. ಅದರ ಬೆನ್ನಿಗೇ, ಕಾಯಿಲೆಯವರೂ ಅತಿಯಾಗಿ ಕೇಳಿ ಸೇವೆ ಮಾಡುವವರನ್ನು ನೋಯಿಸಬಾರದು ಎಂದೂ ಇದೆ. ನಮ್ಮತ್ತೆಮ್ಮ ಈ ಎರಡನೆಯದನ್ನು ಅತಿಯಾಗಿ ಪಾಲಿಸಿದ್ದರು. ನಾನು ಮೊದಲನೆಯದನ್ನು ಅರ್ಧ ಪಾಲಿಸಿದ್ದೆ. ಊಟದ ಪಂಕ್ತಿಯ ವಿಷಯದಲ್ಲಂತೂ ಇನ್ನೂ ಸೂಕ್ಷ್ಮ. ಅಲ್ಲಿ ಊಟದ ಹೊತ್ತಿನಲ್ಲಿ ಮಾತಿಲ್ಲ, ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾ ಉಣ್ಣುತ್ತಾರೆ. ಹಾಗಾದರೆ ಉಪ್ಪು ಬೇಕಾದರೆ? ಪಕ್ಕದವನು ನೋಡಿಕೊಳ್ಳಬೇಕು. ಯಾರೂ ಬಾಯಿ ಬಿಟ್ಟು ಕೇಳುವಂತೆ ಆಗಬಾರದು.

ಆಮೇಲೆ ನಾನು ಚೊಂಬು ಚೆಲ್ಲುವ ಮುಂಚೆ ಒಳಗೆ ನೋಡುವುದನ್ನು ಕಲಿತೆ. ಅತ್ತೆಮ್ಮ ಕೇಳುವವರೆಗೆ ಕಾಯದೆ ರಾತ್ರಿ ಒಂದು ಸಲ ನಾನೇ ಎದ್ದು ‘ಬನ್ನಿ, ಪಾತ್ರೆ ಇಡ್ತೀನಿ’ ಎನ್ನುತ್ತಿದ್ದೆ. ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರು ಇದನ್ನು ಗಮನಿಸಿ. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಬೇರೆ ಮಾತು. ಇಲ್ಲದಿದ್ದರೆ ದಿನಕ್ಕೆ ಎಷ್ಟು ಒಳಗೆ ಹೋಯಿತು ಎಂದು ಲೆಕ್ಕವಿಡಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ವಯಸ್ಸಾದವರು ಇದ್ದಕ್ಕಿದ್ದಂತೆ ತಬ್ಬಿಬ್ಬಾದರೆ, ‘ವಯಸ್ಸಾಯಿತು’ ಎಂದು ಸುಮ್ಮನಿರಬೇಡಿ, ತೋರಿಸಿ.

ಇನ್ನು ಧ್ಯಾನಕ್ಕೆ ಬಿಡುವಿಲ್ಲ ಎಂದಿರಲ್ಲ, ಆ ಮಾತಿಗೆ ಬರುತ್ತೇನೆ. ಬೆನೆಡಿಕ್ಟರ ಮಠದಲ್ಲಿ ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ಗಂಟೆ ಹೊಡೆದರೆ ಕೈಲಿದ್ದದ್ದು ಕೈಲೇ ಬಿಟ್ಟು ಹೊರಡಬೇಕು. ನಾವು ಒಲೆ ಮೇಲಿನ ಹಾಲು ಬಿಟ್ಟು ಹೋಗಲಾದೀತೇ? ಆದರೆ ಗಂಟೆಗಳು ನಮಗೂ ಕಮ್ಮಿಯಿಲ್ಲ. ಕುಕ್ಕರಿನ ಸೀಟಿ, ಹಾಲಿನವನ ಹಾರನ್ನು, ಸಂಜೆ ಬೆಂಗಳೂರಿನಿಂದ ಮಗ ಬರುವ ರೈಲಿನ ಕೂಗು. ನಾನು ಮೂರನ್ನು ಆರಿಸಿಕೊಂಡಿದ್ದೇನೆ. ಆ ಸದ್ದು ಕೇಳಿದಾಗ ಕೈ ಒರೆಸಿಕೊಂಡು, ನನ್ನ ಮನೆದೇವರ ಹೆಸರು ಹೇಳಿ, ಮನೆಯವರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತೇನೆ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಅಕ್ಕ ಹೇಳುವಂತೆ, 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸೋದರ ವರ್ಷಗಟ್ಟಲೆ ಅಡುಗೆಮನೆಯಲ್ಲೇ ದುಡಿದರಂತೆ. ಅಡುಗೆ ಕೆಲಸ ಅವರಿಗೆ ಮೊದಲು ಸ್ವಲ್ಪವೂ ಸೇರುತ್ತಿರಲಿಲ್ಲ. ಆಮೇಲೆ ಪಾತ್ರೆಗಳ ಗದ್ದಲದಲ್ಲೂ ದೇವರ ಜತೆ ಮಾತಾಡುವುದನ್ನು ರೂಢಿ ಮಾಡಿಕೊಂಡು, ಅದಕ್ಕೇ ಹೆಸರಾದರು. ಸೇರದ ಕೆಲಸವಾಗಿತ್ತು ಎಂಬುದೇ ನನಗೆ ಸಮಾಧಾನ ಕೊಟ್ಟ ವಿಷಯ.

ಮೌನ ಎಂದರೆ ಏನೆಂದು ನಮ್ಮ ಕಡೆಯ ಹೆಂಗಸರಿಗೆ ಪಾದ್ರಿಗಳಿಂದ ಕಲಿಯಬೇಕಾಗಿಲ್ಲ. ರೇಷ್ಮೆ ಹುಳು ಸಾಕಿದವರನ್ನು ಕೇಳಿ. ನನ್ನ ತವರಿನಲ್ಲಿ ಹುಳುಮನೆ ಇತ್ತು. ಕಾಲು ಕೈ ತೊಳೆದೇ ಒಳಗೆ ಹೋಗಬೇಕು. ಬೀಡಿಯ ಹೊಗೆ, ಊದುಕಡ್ಡಿಯ ಹೊಗೆ ಕೂಡದು. ಹೊತ್ತು ಹೊತ್ತಿಗೆ ಸೊಪ್ಪು, ನಡುರಾತ್ರಿಯಾದರೂ ಸರಿ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿಕೊಂಡು ಅಲುಗಾಡದೆ ನಿಂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಕದಲಿಸಬಾರದು. ಹೊಸಬರು ಕಂಡರೆ ಹುಳು ಸತ್ತಿತೆಂದು ಗಾಬರಿಯಾಗುತ್ತಾರೆ. ಒಳಗೆ ಅದು ಹಳೆಯ ಚರ್ಮ ಕಳಚಲು ಸಿದ್ಧವಾಗುತ್ತಿರುತ್ತದೆ. ಜ್ವರ ಎದ್ದ ಮೇಲೆ ನೋಡಿ, ಏನು ಹಸಿವು, ಏನು ಬೆಳವಣಿಗೆ! ಈಗ ನಮ್ಮ ಮನೆಯಲ್ಲಿ ರಾತ್ರಿ 9ರಿಂದ ಊಟ ಮುಗಿಯುವವರೆಗೆ ಟಿ.ವಿ. ಇಲ್ಲ, ಮೊಬೈಲುಗಳೆಲ್ಲ ಫ್ರಿಜ್ಜಿನ ಮೇಲೆ. ಮಗಳು ಇದಕ್ಕೆ ‘ಜ್ವರದ ಹೊತ್ತು’ ಅಂತ ಹೆಸರಿಟ್ಟಿದ್ದಾಳೆ. ನನ್ನ ಧಾರಾವಾಹಿಯೂ ಹೋಯಿತು, ಅದೊಂದು ನಷ್ಟವೇ.

ಪಾತ್ರೆಗಳ ಬಗ್ಗೆ ಒಂದು ಮಾತಿದೆ. ಮಠದ ಉಗ್ರಾಣದವನು ಸೌಟು ಗುದ್ದಲಿಗಳನ್ನೂ ಪೂಜೆಯ ಪಾತ್ರೆಗಳಂತೆ ನೋಡಿಕೊಳ್ಳಬೇಕಂತೆ. ಇದನ್ನು ಓದಿದಾಗ ನನಗೆ ಕಾಯಕದ ಮಾತು ನೆನಪಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟು 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಮಠದಲ್ಲೂ ಒಲೆಯೇ ದೊಡ್ಡ ಪೂಜೆ ಅಲ್ಲವೇ? ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇಂಥದೇ. ಗಂಡ ಅಂದು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದವಳು ಆಕೆ. ಬೆನೆಡಿಕ್ಟರ ಮಠದಲ್ಲೂ ಹೊಸ ಬಟ್ಟೆ ಕೊಟ್ಟಾಗ ಹಳೆಯದನ್ನು ಬಡವರಿಗಾಗಿ ಒಪ್ಪಿಸಬೇಕು. ನನ್ನ ಬೀರುವಿಗೆ ಈ ನಿಯಮ ಹಾಕಿದೆ. ಹಬ್ಬಕ್ಕೆ ಒಂದು ಸೀರೆ ಒಳಗೆ ಬಂದರೆ ಒಂದು ಹೊರಗೆ. ಮೈಸೂರು ಸಿಲ್ಕಿನ ವಿಷಯದಲ್ಲಿ ಮಾತ್ರ ನಾನಿನ್ನೂ ಕಳ್ಳಿಯೇ. ಚನ್ನಪಟ್ಟಣದ ಬೊಂಬೆ ಮಾಡುವ ನನ್ನ ಓರಗಿತ್ತಿಗೆ ಇನ್ನೊಂದು ನಿಯಮ ಹೇಳಿದೆ. ಮಠದವರು ತಾವು ಮಾಡಿದ ಸಾಮಾನನ್ನು ಹೊರಗಿನವರಿಗಿಂತ ಸ್ವಲ್ಪ ಕಡಿಮೆ ಬೆಲೆಗೆ ಮಾರಬೇಕೆಂದು. ‘ಅವ್ರಿಗೇನು, ಮಕ್ಕಳ ಫೀಸು ಕಟ್ಟಂಗಿದ್ಯಾ?’ ಎಂದಳು. ಅವಳ ಮಾತೂ ನ್ಯಾಯವೇ. ಹಾಲೆ ಮರ, ಅರಗು, ಕರೆಂಟು ಯಾವುದು ಅಗ್ಗ ಈಗ?

ಆದ್ದರಿಂದ ಎಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಮುಖ್ಯವಾಗಿ ವಿಧೇಯತೆಯ ವಿಷಯ. ಆ ಪುಸ್ತಕದಲ್ಲಿ ಹಿರಿಯರ ಮಾತಿಗೆ ತಲೆಬಾಗಬೇಕೆಂದು ಬಹಳ ಇದೆ. ಇದನ್ನು ಓದಿ, ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೊಳ್ಳುವುದೇ ತಪಸ್ಸು ಎಂದುಕೊಂಡರೆ ಅದು ತಪ್ಪು. ಮಠಕ್ಕೆ ಹೋದವರು ವರ್ಷಗಟ್ಟಲೆ ನೋಡಿ, ಒಪ್ಪಿ, ತಾವಾಗಿ ವ್ರತ ತೊಟ್ಟವರು. ನಮ್ಮಲ್ಲಿ ಎಷ್ಟು ಜನರನ್ನು ಹಾಗೆ ಕೇಳಿ ಮದುವೆ ಮಾಡಿದ್ದಾರೆ? ಅದೂ ಅಲ್ಲದೆ ಬೆನೆಡಿಕ್ಟರೇ ಹೇಳಿದ್ದಾರೆ, ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಎಲ್ಲರಿಗಿಂತ ಚಿಕ್ಕವನಿಗೂ ಒಳ್ಳೆಯದು ಹೊಳೆಯಬಹುದು ಎಂದು. ಕೈಲಾಗದ ಕೆಲಸ ಹೇಳಿದರೆ ಸಮಯ ನೋಡಿ ಹಿರಿಯರಿಗೆ ತಿಳಿಸಬಹುದು ಎಂದೂ ಇದೆ. ಅತ್ತೆಯಂದಿರು ಈ ಎರಡು ಸಾಲು ಮೊದಲು ಓದಲಿ. (ದ್ರಾಕ್ಷಾರಸಕ್ಕೂ ದಿನಕ್ಕೊಂದು ಅಳತೆ ಹೇಳಿದ್ದಾರೆ. ಅದನ್ನು ಗಂಡಸರಿಗೆ ಓದಿ ಹೇಳಬೇಡಿ.)

ಊಟದ ನಿಯಮ ಸರಳ. ದಿನಕ್ಕೊಂದು ಅಳತೆಯ ರೊಟ್ಟಿ, ಬೇಯಿಸಿದ್ದು ಎರಡು ಬಗೆ. ಎರಡೇಕೆಂದರೆ, ಒಂದು ಸೇರದವರು ಇನ್ನೊಂದನ್ನು ತಿನ್ನಲಿ ಎಂದು. ಓದಿದ ಕೂಡಲೇ ನಾನು ‘ಇದು ನಮ್ಮ ಮುದ್ದೆ ಉಪ್ಸಾರು!’ ಎಂದೆ. ಒಂದೇ ಪಾತ್ರೆಯಿಂದ ಎರಡು ಬಗೆ ಬರುವುದು ಇದರಲ್ಲೇ. ಹಾರೋಬೆಲೆ ಅಕ್ಕ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ 40 ದಿನಗಳಲ್ಲಿ, ಮಾಡುವ ಕ್ರಮ ಹೀಗೆ:

ಒಂದು ಪಾವು ತೊಗರಿಬೇಳೆ ಅಥವಾ ನೆನೆಸಿದ ಅಲಸಂದೆ ಕಾಳನ್ನು ಮುಕ್ಕಾಲು ಭಾಗ ಬೇಯಿಸಿ. ತೊಳೆದು ಹೆಚ್ಚಿದ ಒಂದು ಕಟ್ಟು ದಂಟಿನ ಸೊಪ್ಪು, ಉಪ್ಪು ಹಾಕಿ ಹದವಾಗಿ ಬೇಯಿಸಿ. ಬೇಳೆ ಕರಗಬಾರದು. ನೀರನ್ನು ಬಸಿದಿಡಿ. ಏಳೆಂಟು ಒಣಮೆಣಸಿನಕಾಯಿಯನ್ನು ಕೆಂಡದಲ್ಲೋ ಬಾಣಲೆಯಲ್ಲೋ ಸುಟ್ಟುಕೊಂಡು, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಗೋಲಿಯಷ್ಟು ಹುಣಿಸೆಹಣ್ಣು, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಇದು ಖಾರ. ಬಸಿದ ನೀರು ಬಿಸಿಯಾಗಿರುವಾಗಲೇ ಬಡಿಸಿ, ಖಾರವನ್ನು ಅವರವರ ಬಾಯಿಗೆ ತಕ್ಕಷ್ಟು ಕಲಸಿಕೊಳ್ಳಲಿ. ಬಸಿದು ಉಳಿದ ಬೇಳೆ ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಂದು ಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಹಲ್ಲಿಲ್ಲದ ಹಿರಿಯರಿಗೆ ಬಸಿದ ನೀರಿನಲ್ಲೇ ಮುದ್ದೆಯನ್ನು ಕಿವುಚಿ, ಖಾರ ಕಮ್ಮಿ ಮಾಡಿ ಕೊಡಿ. ಹೊಟ್ಟೆಗೆ ಹಗುರ, ನೀರಿನ ಅಂಶವೂ ಒಳಗೆ ಹೋಗುತ್ತದೆ.

ನಮ್ಮತ್ತೆಮ್ಮ ಕೊನೆಯ ಎಂಟು ತಿಂಗಳು ಹೆಚ್ಚಾಗಿ ಇದನ್ನೇ ಉಂಡರು. ನನ್ನ ಗೊಣಗಾಟ ಪೂರ್ತಿ ನಿಂತಿತೆಂದು ಸುಳ್ಳು ಹೇಳಲಾರೆ. ಆದರೆ ರಾತ್ರಿ ‘ಏನವ್ವಾ, ಎದ್ದಿದ್ದೀಯಾ?’ ಎಂದು ಅವರೇ ಕರೆಯುವಂತಾಯಿತು. ಅವರು ಕರೆದಾಗ ನನಗಾಗುತ್ತಿದ್ದ ಸಂತೋಷ ಅವರಿಗೆ ಗೊತ್ತಿತ್ತೋ ಇಲ್ಲವೋ. ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಆ ಹಿತ್ತಾಳೆ ಚೊಂಬನ್ನು ನಾನು ಅಟ್ಟಕ್ಕೆ ಹಾಕಿಲ್ಲ.

ಈಗ ನಮ್ಮ ಮನೆಯಲ್ಲಿ ಸಂಜೆಯ ಅಡುಗೆಗೆ ವಾರದ ಸರದಿ ಬಂದಿದೆ. ನಾನು, ಮಗಳು, ಮಗ, ನಾಲ್ಕನೆಯ ವಾರ ಯಜಮಾನರು. ಪಾದ ತೊಳೆಯುವುದೊಂದನ್ನು ಬಿಟ್ಟು ಶನಿವಾರದ ಶಾಸ್ತ್ರವೆಲ್ಲ ಇದೆ. ಕೈಬಟ್ಟೆ ಒಗೆದು ಪಾತ್ರೆ ಲೆಕ್ಕ ಒಪ್ಪಿಸಬೇಕು. ಹೋದ ವಾರ ಯಜಮಾನರದು. ಸಾರಿನ ಸೌಟು ಒಂದು ಕಮ್ಮಿ ಬಂದಿದೆ. ಮುದ್ದೆ ಕೋಲು ಕೈಗೆ ಸಿಗದೆ ಅದರಲ್ಲೇ ಮುದ್ದೆ ತಿರುವಲು ಹೋಗಿ ಹಿಡಿ ಮುರಿದಿರಬೇಕೆಂದು ಮಗನ ಅನುಮಾನ. ಅವರು ಇನ್ನೂ ಒಪ್ಪಿಕೊಂಡಿಲ್ಲ.